ಮುಳುಗುವ ಊರಿನಲ್ಲಿ ಒಲೆ ಹಚ್ಚಿದವರು

(ನಮ್ಮ ಮಹಿಳಾ ವೇದಿಕೆಯ ಓದುಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಈ ವರ್ಷ ನಮ್ಮ ಓದುಗೋಷ್ಠಿಗೆ ಆರಿಸಿಕೊಂಡ ವಿಷಯ ‘ವಿಪತ್ತು ಮತ್ತು ಸಣ್ಣ ಊರು’. ಚೀನಾದ ಒಂದೆರಡು ಕಾದಂಬರಿಗಳಿಂದ ಶುರುವಾದ ಮಾತು ಬಹಳ ಬೇಗ ನಮ್ಮ ಕನ್ನಡದ ಪುಸ್ತಕಗಳ ಕಡೆಗೆ ತಿರುಗಿತು. ಅದು ಸಹಜವೇ. ಪ್ಲೇಗು, ಬರ, ಮುಳುಗಡೆ, ವಿಷ ಇವು ಯಾವ ಒಂದು ದೇಶದ ಸ್ವತ್ತೂ ಅಲ್ಲವಲ್ಲ. ನನಗೆ ಕೊಟ್ಟಿರುವ ಅರ್ಧ ಗಂಟೆಯಲ್ಲಿ ಈ ಪುಸ್ತಕಗಳ ವಿಮರ್ಶೆ ಮಾಡುವ ಉದ್ದೇಶ ನನಗಿಲ್ಲ. ನಾನು ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವಳು. ಕಾದಂಬರಿ ಓದುವಾಗಲೂ ಆ ಅಭ್ಯಾಸ ಬಿಡುವುದಿಲ್ಲ. ಊರಿಗೆ ಕಷ್ಟ ಬಂದಾಗ ಕೆಲಸ ಮಾಡಿದವರು ಯಾರು, ಅದು ಜಮೆಯಾದದ್ದು ಯಾರ ಖಾತೆಗೆ? ಇದೊಂದೇ ಪ್ರಶ್ನೆ ಇಟ್ಟುಕೊಂಡು ನಾನು ಈ ಪುಸ್ತಕಗಳನ್ನು ಓದಿದೆ. ನನಗೆ ಕಂಡದ್ದನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ನಮಗೆಲ್ಲ ಗೊತ್ತಿರುವ ಪುಸ್ತಕ, ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’. 1965ರಲ್ಲಿ ಬಂದದ್ದು. ನಮ್ಮಲ್ಲಿ ಹಲವರು ಇದನ್ನು ಕಾಲೇಜಿನಲ್ಲಿ ಪಠ್ಯವಾಗಿ ಓದಿದ್ದೇವೆ. ಪ್ರಾಣೇಶಾಚಾರ್ಯರ ಧರ್ಮಸಂಕಟ ಎಂದು ಹತ್ತು ಅಂಕದ ಉತ್ತರವನ್ನೂ ಬರೆದಿದ್ದೇವೆ. ಆದರೆ ಇದು ಒಂದು ಪ್ಲೇಗಿನ ಕಥೆಯೂ ಹೌದು ಎಂಬುದು ಈ ಸಲ ಓದುವಾಗ ನನಗೆ ಬಲವಾಗಿ ತಟ್ಟಿತು. ದೂರ್ವಾಸಪುರ ಎಂಬ ಸಣ್ಣ ಅಗ್ರಹಾರ. ಶಿವಮೊಗ್ಗಕ್ಕೆ ಹೋಗಿ ಜ್ವರ ಹತ್ತಿಸಿಕೊಂಡು ಬಂದ ನಾರಣಪ್ಪ ಸಾಯುತ್ತಾನೆ. ಹೆಣ ಎತ್ತುವವರೆಗೆ ಯಾರೂ ಊಟ ಮಾಡುವಂತಿಲ್ಲ. ಆಚಾರ ಬಿಟ್ಟವನ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು ಎಂದು ಗಂಡಸರೆಲ್ಲ ಸೇರಿ ಚರ್ಚೆ ಮಾಡುತ್ತಾರೆ. ಅತ್ತ ಇಲಿಗಳು ಹೊರಬಂದು ಸಾಯುತ್ತಿವೆ, ಮನೆಗಳ ಮಾಡಿನ ಮೇಲೆ ಹದ್ದುಗಳು ಬಂದು ಕೂತಿವೆ. ಶಂಖ ಜಾಗಟೆ ಬಾರಿಸಿ ಹದ್ದು ಓಡಿಸುತ್ತಾರೆಯೇ ಹೊರತು ಇಲಿ ಏಕೆ ಸಾಯುತ್ತಿದೆ ಎಂದು ಯಾರೂ ಕೇಳುವುದಿಲ್ಲ.

ಕೊನೆಗೆ ಆ ಹೆಣವನ್ನು ಸುಟ್ಟವರು ಯಾರು? ಚಂದ್ರಿ. ನಾರಣಪ್ಪನ ಜೊತೆ ಬದುಕಿದ, ಅಗ್ರಹಾರದ ಲೆಕ್ಕದಲ್ಲಿ ಯಾರೂ ಅಲ್ಲದ ಹೆಂಗಸು. ಮೊದಲು ತನ್ನ ಮೈಮೇಲಿನ ಬಂಗಾರವನ್ನೆಲ್ಲ ಬಿಚ್ಚಿ ಸಂಸ್ಕಾರದ ಖರ್ಚಿಗೆ ಎಂದು ಇಡುತ್ತಾಳೆ. ಅಲ್ಲಿಂದ ಚರ್ಚೆ ಧರ್ಮವನ್ನು ಬಿಟ್ಟು ಬಂಗಾರದ ಕಡೆಗೆ ಹೋಗುತ್ತದೆ! ಆಮೇಲೆ ಅವಳು ಕಾಯುವುದನ್ನು ಬಿಡುತ್ತಾಳೆ. ಮೀನು ವ್ಯಾಪಾರದ ಅಹಮದ್ ಬ್ಯಾರಿಯನ್ನು ಕರೆತಂದು, ಗಾಡಿಯಲ್ಲಿ ಹೆಣ ಸಾಗಿಸಿ, ರಾತ್ರಿಯ ಹೊತ್ತಿನಲ್ಲಿ ಸುಟ್ಟು, ತನ್ನ ಪಾಡಿಗೆ ತಾನು ಕುಂದಾಪುರದ ದಾರಿ ಹಿಡಿಯುತ್ತಾಳೆ. ಇಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಇದು: ಹೆಣ ಬೂದಿಯಾದ ಮೇಲೂ ಬ್ರಾಹ್ಮಣರು ಊರಿಂದೂರಿಗೆ, ಮಠಕ್ಕೆ ಅಲೆಯುತ್ತಿದ್ದಾರೆ, ಇದಕ್ಕೆ ಪರಿಹಾರವೇನು ಎಂದು ಕೇಳಿಕೊಂಡು. ಕೆಲಸ ಮುಗಿದಿದೆ. ಮುಗಿದದ್ದು ಅವರಿಗೆ ಗೊತ್ತೇ ಇಲ್ಲ.

ಇನ್ನೊಂದು ಕಡೆ ನೋಡಿ. ಅಗ್ರಹಾರದ ಆಚೆ ಗುಡಿಸಲುಗಳಲ್ಲೂ ಅದೇ ಪ್ಲೇಗು. ಅಲ್ಲಿ ಸತ್ತವರ ಮೇಲೆ ಗುಡಿಸಲನ್ನೇ ಸುಟ್ಟುಬಿಡುತ್ತಾರೆ. ಅದಕ್ಕೆ ಚರ್ಚೆಯಿಲ್ಲ, ಮಠದ ಅಪ್ಪಣೆ ಬೇಕಿಲ್ಲ. ಒಂದೇ ರೋಗ, ಎರಡು ರೀತಿಯ ಸಾವು. ರೋಗ ಊರನ್ನು ಒಡೆಯಲಿಲ್ಲ. ಮೊದಲೇ ಒಡೆದಿದ್ದ ಊರನ್ನು ಅದು ತೋರಿಸಿತು ಅಷ್ಟೆ.

ಚಂದ್ರಿಗೂ ನಮ್ಮ ಈ ಚೆನ್ನೈಗೂ ಒಂದು ಸಂಬಂಧವಿದೆ. ಪಟ್ಟಾಭಿರಾಮ ರೆಡ್ಡಿಯವರು 1970ರಲ್ಲಿ ಈ ಕಾದಂಬರಿಯನ್ನು ಸಿನಿಮಾ ಮಾಡಿದಾಗ ಚಂದ್ರಿಯಾಗಿ ನಟಿಸಿದವರು ಅವರ ಪತ್ನಿ ಸ್ನೇಹಲತಾ ರೆಡ್ಡಿ. ಇಲ್ಲಿನ ‘ಮದ್ರಾಸ್ ಪ್ಲೇಯರ್ಸ್’ ನಾಟಕ ತಂಡವನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ಪ್ರಾಣೇಶಾಚಾರ್ಯರ ಪಾತ್ರ ಮಾಡಿದ ಗಿರೀಶ್ ಕಾರ್ನಾಡರೂ ಆಗ ಮದ್ರಾಸಿನಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಲ್ಲಿ ಕೆಲಸ ಮಾಡುತ್ತಾ, ಅದೇ ತಂಡದಲ್ಲಿ ನಾಟಕವಾಡುತ್ತಿದ್ದರು. ಆ ಚಿತ್ರವನ್ನು ಮೊದಲು ತಡೆಹಿಡಿದದ್ದು ಮದ್ರಾಸಿನ ಸೆನ್ಸಾರ್ ಮಂಡಳಿಯೇ. ಆಮೇಲೆ ಬಿಡುಗಡೆಯಾಗಿ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಪ್ರಶಸ್ತಿ ಪಡೆಯಿತು. ಸ್ನೇಹಲತಾ ಅವರನ್ನು ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರಿನ ಜೈಲಿನಲ್ಲಿಟ್ಟರು. ಉಬ್ಬಸದ ರೋಗಿ. ಬಿಡುಗಡೆಯಾದ ಸ್ವಲ್ಪ ದಿನಕ್ಕೇ, 1977ರ ಜನವರಿಯಲ್ಲಿ ತೀರಿಕೊಂಡರು. ಚಂದ್ರಿಯ ಮುಖ ನೆನೆದಾಗಲೆಲ್ಲ ನನಗೆ ಅವರ ಮುಖವೇ ಬರುತ್ತದೆ.

ಇದರ ಪಕ್ಕದಲ್ಲಿ ಚೀನಾದ ಒಂದು ಪ್ಲೇಗನ್ನು ಇಟ್ಟು ನೋಡೋಣ. 1910ರ ಚಳಿಗಾಲ, ಉತ್ತರದ ಹಾರ್ಬಿನ್ ಪಟ್ಟಣ. ಶ್ವಾಸಕೋಶಕ್ಕೆ ತಗಲುವ ಪ್ಲೇಗು ಬಂದು ಆ ಸೀಮೆಯಲ್ಲೆಲ್ಲ ಸುಮಾರು 60,000 ಜನ ಸತ್ತರು. ಪೆನಾಂಗಿನಲ್ಲಿ ಹುಟ್ಟಿದ ವು ಲಿಯೆನ್-ತೆ ಎಂಬ ವೈದ್ಯ ಅಲ್ಲಿಗೆ ಬಂದು, ಗಾಳಿಯಿಂದ ಹರಡುವ ರೋಗವಿದು ಎಂದು ಗುರುತಿಸಿ, ಬಟ್ಟೆ ಮತ್ತು ಹತ್ತಿಯ ಮಾಸ್ಕ್ ಕಟ್ಟಿಸಿದರು. ಕೊರೊನಾ ಕಾಲದಲ್ಲಿ ನಾವು ಕಟ್ಟಿಕೊಂಡ ಮಾಸ್ಕಿಗೆ ಅದೊಂದು ಅಜ್ಜಿ ಎನ್ನಬಹುದು. ಅಲ್ಲಿಯ ತೊಂದರೆ ನಮ್ಮ ದೂರ್ವಾಸಪುರದ್ದಕ್ಕೆ ತಿರುವುಮುರುವು. ಅಲ್ಲಿ ಹೂಳುವುದೇ ಸಂಸ್ಕಾರ, ಸುಡುವುದು ದೊಡ್ಡ ಅಪಚಾರ. ಆದರೆ ನೆಲ ಹಿಮಗಟ್ಟಿ ಗುದ್ದಲಿ ಇಳಿಯದು, ಶವಪೆಟ್ಟಿಗೆಗಳು ಸಾಲುಸಾಲಾಗಿ ಬಿದ್ದಿವೆ. ಕೊನೆಗೆ ಚಕ್ರವರ್ತಿಯ ಆಸ್ಥಾನದಿಂದ ಅಪ್ಪಣೆ ತರಿಸಿಕೊಂಡು, 1911ರ ಜನವರಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹೆಣಗಳನ್ನು ಒಟ್ಟಿಗೆ ಸುಟ್ಟರು. ಆಮೇಲೆ ರೋಗ ಇಳಿಯಿತು.

ಚಿ ಝಿಜಿಯನ್ ಎಂಬ ಲೇಖಕಿ 2010ರಲ್ಲಿ ಈ ಘಟನೆಯ ಮೇಲೆ ಒಂದು ಕಾದಂಬರಿ ಬರೆದರು. ಹೆಸರಿನ ಅರ್ಥ ‘ಬಿಳಿ ಹಿಮ, ಕಾಗೆ’. ಆಕೆಯೂ ಆ ಉತ್ತರದ ಚಳಿ ಸೀಮೆಯಲ್ಲೇ ಹುಟ್ಟಿ ಬೆಳೆದವರು. ಡಾಕ್ಟರರ ಕಥೆ ಇತಿಹಾಸದಲ್ಲಿ ಇದ್ದೇ ಇದೆ. ಆಕೆ ಕಾದಂಬರಿಯನ್ನು ಕಟ್ಟಿದ್ದು ಫುಜಿಯಾದಿಯನ್ ಎಂಬ ಕೇರಿಯ ಅಂಗಡಿ, ಛತ್ರ, ಮನೆಗಳ ಸಾಮಾನ್ಯ ಜನರ ಸುತ್ತ. ಅಪ್ಪಣೆ, ಆದೇಶ, ಅಂಕಿಸಂಖ್ಯೆ ದಾಖಲೆಗೆ ಹೋಗುತ್ತವೆ. ಗಂಜಿ ಕಾಯಿಸಿದವರನ್ನು ದಾಖಲೆ ಮಾಡಲು ಕಾದಂಬರಿಯೇ ಬೇಕು.

ಈಗ ಮಲೆನಾಡಿಗೆ ಬರೋಣ. ಶರಾವತಿ. ನಾ. ಡಿಸೋಜ ಅವರ ‘ದ್ವೀಪ’ ಮತ್ತು ‘ಮುಳುಗಡೆ’. ಸಾಗರದಲ್ಲಿ ನೆಲೆಸಿದ್ದ ಡಿಸೋಜ ಅವರು ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯನ್ನು ಹತ್ತಿರದಿಂದ ಕಂಡವರು. 2014ರ ಮಡಿಕೇರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. 2025ರ ಜನವರಿಯಲ್ಲಿ ನಮ್ಮನ್ನಗಲಿದರು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ತಿಯಾಯಿತು. ಕರ್ನಾಟಕಕ್ಕೆ ಬೆಳಕು ಬಂತು, ನಮ್ಮ ತವರುಮನೆಗಳಲ್ಲಿ ಮಿಕ್ಸಿ ತಿರುಗಿತು. ಆ ಬೆಳಕಿಗಾಗಿ ಮನೆ, ಗದ್ದೆ, ತೋಟ, ದೇವರಗುಡಿ ಬಿಟ್ಟು ಎದ್ದವರ ಮಕ್ಕಳು ಮೊಮ್ಮಕ್ಕಳು ಇವತ್ತಿಗೂ ಭೂಮಿಯ ಹಕ್ಕುಪತ್ರ ಕೊಡಿ ಎಂದು ಶಿವಮೊಗ್ಗದಲ್ಲಿ ಮೆರವಣಿಗೆ ಹೋಗುತ್ತಾರೆ. ಹಿನ್ನೀರಿನಾಚೆ ಸಿಗಂದೂರಿಗೆ ಹೋಗುವವರು ದಶಕಗಳ ಕಾಲ ಲಾಂಚಿಗೆ ಕಾದರು. ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ಮುಳುಗಿಸುವುದಕ್ಕೆ ಬೇಕಾದ ಕಾಲ ಕಡಿಮೆ, ಸೇತುವೆ ಕಟ್ಟುವುದಕ್ಕೆ ಅರವತ್ತು ವರ್ಷ.

‘ದ್ವೀಪ’ವನ್ನು ಗಿರೀಶ ಕಾಸರವಳ್ಳಿಯವರು 2002ರಲ್ಲಿ ಸಿನಿಮಾ ಮಾಡಿದರು. ನಾಗಿಯ ಪಾತ್ರ ಮಾಡಿದ್ದು, ಚಿತ್ರವನ್ನು ನಿರ್ಮಿಸಿದ್ದು ಸೌಂದರ್ಯ. ಈ ಊರಿನವರು ಅವರನ್ನು ‘ಪಡೆಯಪ್ಪ’ ಚಿತ್ರದ ನಾಯಕಿ ಎಂದೇ ನೆನೆಯುತ್ತಾರೆ. ನನ್ನ ಪಕ್ಕದ ಮನೆಯ ತಮಿಳು ಗೆಳತಿಗೆ ‘ದ್ವೀಪ’ ತೋರಿಸಿದಾಗ, ಇದೇನು, ಅದೇ ಸೌಂದರ್ಯಾನಾ ಎಂದು ಬೆರಗಾದಳು. ಚಿತ್ರಕ್ಕೆ ಸ್ವರ್ಣಕಮಲ ಬಂತು. 2004ರ ಏಪ್ರಿಲ್‌ನಲ್ಲಿ ಸೌಂದರ್ಯ ವಿಮಾನ ಅಪಘಾತದಲ್ಲಿ ಹೋಗಿಬಿಟ್ಟರು.

ಕಥೆ ನಿಮಗೆ ಗೊತ್ತು. ಊರೆಲ್ಲ ಪರಿಹಾರ ತೆಗೆದುಕೊಂಡು ಎದ್ದುಹೋಗಿದೆ. ಗಣಪ, ಅವನ ಅಪ್ಪ ದುಗ್ಗಜ್ಜ, ಹೆಂಡತಿ ನಾಗಿ ಗುಡ್ಡದ ಮೇಲಿನ ಮನೆಯಲ್ಲಿ ಉಳಿದಿದ್ದಾರೆ. ಮಳೆ ಬರುತ್ತದೆ, ನೀರು ಏರುತ್ತದೆ, ಗುಡ್ಡ ದ್ವೀಪವಾಗುತ್ತದೆ. ಮಾವನಿಗೆ ದೈವದ ಮೇಲೆ ನಂಬಿಕೆ, ಗಂಡನಿಗೆ ಮನಸ್ಸಿನ ತುಂಬ ಅನುಮಾನ. ನಾಗಿಗೆ ಮಾತ್ರ ದನವಿದೆ, ಒಲೆಯಿದೆ, ಸೋರುವ ಮಾಡಿದೆ, ಹೊರಗೆ ಹುಲಿಯ ಭಯವಿದೆ. ಆ ಮಳೆಯ ರಾತ್ರಿಯನ್ನು ಅವಳು ತನ್ನ ಧೈರ್ಯದಿಂದ, ಮೈಮುರಿದು ದುಡಿದು ದಾಟಿಸುತ್ತಾಳೆ. ಮಳೆ ನಿಂತ ಮೇಲೆ ಗಣಪ ಅದನ್ನು ದೈವದ ಕೃಪೆ ಎನ್ನುತ್ತಾನೆ. ಅವಳ ದುಡಿಮೆಗೆ ಅದರಲ್ಲಿ ಪಾಲಿಲ್ಲ. ಆಗ ಸೌಂದರ್ಯ ಅವರ ಮುಖ ನೋಡಬೇಕು. ಅಳುವುದಿಲ್ಲ, ಜಗಳವಾಡುವುದಿಲ್ಲ. ದೇವರ ಮೇಲೆ ಅವಳಿಗೆ ಕೋಪವಿಲ್ಲ. ದೇವರ ಹೆಸರಿನಲ್ಲಿ ತನ್ನ ಹೆಸರು ಅಳಿಸಿಹೋದದ್ದನ್ನು ಅವಳು ನೋಡುತ್ತಾಳೆ ಅಷ್ಟೆ. ನಮ್ಮಲ್ಲಿ ಎಷ್ಟು ಜನರಿಗೆ ಆ ಮುಖ ಪರಿಚಯ! ಹಬ್ಬದ ಅಡುಗೆ ಮಾಡಿ ಮುಗಿಸಿದ ಸಂಜೆ ಕನ್ನಡಿಯಲ್ಲಿ ಕಂಡಿರುತ್ತದೆ.

ನಾಗಿಯ ಒಲೆಯಿಂದ ಬರಗಾಲದ ಒಲೆಗೆ ಹೋಗೋಣ. ಯು ಹುವಾ ಎಂಬ ಚೀನೀ ಲೇಖಕರ, ರಕ್ತ ಮಾರುವವನೊಬ್ಬನ ಕಥೆ ಹೇಳುವ ಕಾದಂಬರಿ 1995ರಲ್ಲಿ ಬಂತು. ಸಣ್ಣ ಪಟ್ಟಣದ ರೇಷ್ಮೆ ಕಾರ್ಖಾನೆಯ ಕೆಲಸಗಾರ ಷು ಸಾನ್‌ಗುವಾನ್ ಮನೆಗೆ ಕಷ್ಟ ಬಂದಾಗಲೆಲ್ಲ ರಕ್ತ ಮಾರುತ್ತಾನೆ. ಚೀನಾದ ಆ ದೊಡ್ಡ ಕ್ಷಾಮ 1959ರಿಂದ 1961ರವರೆಗಿನದು. ಮನೆಯಲ್ಲಿ ದಿನವೂ ನೀರು ಗಂಜಿ. ಅವನ ಹುಟ್ಟುಹಬ್ಬದ ರಾತ್ರಿ, ಹಸಿದ ಮಕ್ಕಳಿಗೆ ಆ ಅಪ್ಪ ಬಾಯಲ್ಲೇ ಅಡುಗೆ ಮಾಡಿ ಬಡಿಸುತ್ತಾನೆ. ಮಾಂಸ ಹೇಗೆ ಹೆಚ್ಚಿದೆ, ಹೇಗೆ ಹುರಿದೆ, ಎಷ್ಟು ಹೊತ್ತು ಬೇಯಿಸಿದೆ ಎಂದು ಒಂದೊಂದು ಮಗುವಿಗೂ ಬೇರೆ ಬೇರೆಯಾಗಿ ವರ್ಣಿಸುತ್ತಾನೆ. ಮಕ್ಕಳು ಕೇಳುತ್ತಾ ಎಂಜಲು ನುಂಗುತ್ತಾರೆ. ಓದಿದವರೆಲ್ಲ ಈ ಪುಟಗಳನ್ನು ಹೊಗಳುತ್ತಾರೆ, ನಾನೂ ಹೊಗಳುತ್ತೇನೆ. ಕಣ್ಣಲ್ಲಿ ನೀರು ಬರಿಸುವ ಪುಟಗಳು.

ಆದರೆ ಆ ನೀರು ಗಂಜಿಗೆ ಅಕ್ಕಿ ಬಂದದ್ದೆಲ್ಲಿಂದ? ಅವನ ಹೆಂಡತಿ ಷು ಯುಲಾನ್ ಒಳ್ಳೆಯ ದಿನಗಳಲ್ಲಿ ಪ್ರತಿ ಸಲ ಅನ್ನಕ್ಕಿಡುವಾಗಲೂ ಒಂದು ಹಿಡಿ ಅಕ್ಕಿ ತೆಗೆದು ಮಂಚದ ಕೆಳಗಿನ ಗಡಿಗೆಗೆ ಹಾಕಿಡುತ್ತಿದ್ದಳು. ಆ ಅಕ್ಕಿಯಿಂದ ಮನೆ ಬದುಕಿತು. ಈ ವಿಷಯ ಕಾದಂಬರಿಯಲ್ಲಿ ಕೆಲವೇ ಸಾಲುಗಳಲ್ಲಿ ಬಂದುಹೋಗುತ್ತದೆ. ಹಿಡಿ ಅಕ್ಕಿ ನಮಗೇನು ಹೊಸದೇ? ನಮ್ಮಜ್ಜಿಯರು ಸಾಸಿವೆ ಡಬ್ಬಿಯಲ್ಲಿ ಕಾಸು ಇಟ್ಟವರು, ಅಕ್ಕಿ ಅಳೆಯುವಾಗ ಒಂದು ಹಿಡಿ ವಾಪಸ್ಸು ಹಾಕಿದವರು. ಇಲ್ಲಿ ಚೆನ್ನೈಯಲ್ಲಿ ‘ಪಿಡಿ ಅರಿಸಿ’ ಎಂದರೆ ಎಲ್ಲ ಮಾಮಿಯರಿಗೂ ಗೊತ್ತು. ಕಂಚಿಯ ಪರಮಾಚಾರ್ಯರು ಅದನ್ನೇ ಅನ್ನದಾನದ ಯೋಜನೆ ಮಾಡಿದರು. ವಿಪತ್ತು ಬಂದ ದಿನ ಎದ್ದು ಕಾಣುವ ಕೆಲಸವೊಂದು. ವಿಪತ್ತು ಬರುವುದಕ್ಕೆ ಹತ್ತು ವರ್ಷ ಮೊದಲಿಂದ ಯಾರಿಗೂ ಕಾಣದಂತೆ ನಡೆದ ಕೆಲಸವಿನ್ನೊಂದು. ಎರಡನೆಯದಕ್ಕೆ ಪದಕವಿಲ್ಲ.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಪ್ಲೇಗು, ಮಳೆಯಂಥವು ದೇವರ ಕಡೆಗೆ ಬೊಟ್ಟು ಮಾಡಬಹುದಾದವು. ಮನುಷ್ಯರೇ ಮಾಡಿದ್ದೂ ಇದೆ. ಯಾನ್ ಲಿಯಾನ್‌ಕೆ ಅವರ ‘ಡಿಂಗ್ ಹಳ್ಳಿಯ ಕನಸು’ 2006ರಲ್ಲಿ ಬಂತು. ಅದಕ್ಕೆ ಆಧಾರ ಚೀನಾದ ಹೆನಾನ್ ಪ್ರಾಂತ್ಯದಲ್ಲಿ 1990ರ ದಶಕದಲ್ಲಿ ನಿಜವಾಗಿ ನಡೆದದ್ದು. ಬಡ ರೈತರಿಂದ ರಕ್ತ ಕೊಂಡು, ಹಲವರ ರಕ್ತವನ್ನು ಒಟ್ಟು ಸೇರಿಸಿ, ಬೇಕಾದ ಪ್ಲಾಸ್ಮಾ ತೆಗೆದುಕೊಂಡು, ಉಳಿದದ್ದನ್ನು ಮತ್ತೆ ಅವರ ಮೈಗೇ ಏರಿಸಿದರು. ಒಬ್ಬರಲ್ಲಿದ್ದ ಏಡ್ಸ್ ಇಡೀ ಹಳ್ಳಿಗೆ ಹಬ್ಬಿತು. ಕಾದಂಬರಿಯಲ್ಲಿ ಕಥೆ ಹೇಳುವವನು ಸತ್ತುಹೋದ ಹುಡುಗ. ರಕ್ತ ವ್ಯಾಪಾರ ಮಾಡಿದ ಅವನ ಅಪ್ಪನ ಮೇಲಿನ ಸಿಟ್ಟಿಗೆ ಹಳ್ಳಿಯವರು ವಿಷವಿಟ್ಟು ಕೊಂದ ಮಗು ಅವನು. ಆ ಅಪ್ಪ ಅಷ್ಟಕ್ಕೇ ನಿಲ್ಲುವುದಿಲ್ಲ. ಸತ್ತವರಿಗೆಂದು ಸರ್ಕಾರ ಕೊಟ್ಟ ಶವಪೆಟ್ಟಿಗೆಗಳನ್ನೂ ಮಾರಿಕೊಳ್ಳುತ್ತಾನೆ. ಆ ಪುಸ್ತಕ ಅದರ ದೇಶದಲ್ಲೇ ನಿಷೇಧವಾಯಿತು.

ಇದನ್ನು ಓದುವಾಗ ನನಗೆ ನೆನಪಾದದ್ದು ನಮ್ಮ ಕಾಸರಗೋಡು. ಎಣ್ಮಕಜೆ, ಪಡ್ರೆ, ಸ್ವರ್ಗ. ನಮ್ಮ ಸಂಘದಲ್ಲೇ ಆ ಕಡೆಯವರು ಇದ್ದೀರಿ. ಕನ್ನಡ ತುಳು ಮಾತಾಡುವ ಊರುಗಳು. ಅಲ್ಲಿ ಸರ್ಕಾರಿ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಗುಡ್ಡದ ಮೇಲೆ ಸುರಿದದ್ದು ಸುರಂಗಕ್ಕೆ, ತೋಡಿಗೆ, ಬಾವಿಗೆ ಇಳಿಯಿತು. ಮಕ್ಕಳು ಹುಟ್ಟುವಾಗಲೇ ನರಳುತ್ತಾ ಹುಟ್ಟಿದವು. ಪಡ್ರೆಯವರೇ ಆದ ಪತ್ರಕರ್ತ ಶ್ರೀಪಡ್ರೆ, ವಾಣೀನಗರದ ವೈದ್ಯ ಡಾ. ವೈ. ಎಸ್. ಮೋಹನಕುಮಾರ್ ಇದನ್ನು ಹೊರಜಗತ್ತಿಗೆ ತಿಳಿಸಲು ಹೋರಾಡಿದರು. ಅಂಬಿಕಾಸುತನ್ ಮಾಂಗಾಡ್ ಅವರು 2009ರಲ್ಲಿ ‘ಎನ್ಮಕಜೆ’ ಎಂದೇ ಹೆಸರಿಟ್ಟು ಮಲಯಾಳದಲ್ಲಿ ಕಾದಂಬರಿ ಬರೆದರು. ಅದರಲ್ಲೂ ನೋಡಿ, ವ್ರಣ ತುಂಬಿದ ಒಂದು ಮಗುವನ್ನು ಗುಡಿಸಲಿಗೆ ಎತ್ತಿಕೊಂಡು ಬಂದು ಕಥೆಯನ್ನು ಮುಂದೆ ನಡೆಸುವವಳು ದೇವಯಾನಿ ಎಂಬ ಹೆಂಗಸು.

ಕಾದಂಬರಿ ಬಿಟ್ಟು ನಿಜ ಬದುಕಿಗೆ ಬಂದರೆ ಇಬ್ಬರು ಹೆಂಗಸರ ಹೆಸರನ್ನು ನಾನು ಜೊತೆಜೊತೆಯಾಗಿ ಹೇಳಬೇಕು. ಒಬ್ಬರು ಕಾಸರಗೋಡು ಜಿಲ್ಲೆಯ ಪೆರಿಯದ ಲೀಲಾಕುಮಾರಿ ಅಮ್ಮ. ಕೃಷಿ ಇಲಾಖೆಯಲ್ಲೇ ನೌಕರಿಯಲ್ಲಿದ್ದವರು. 1998ರಲ್ಲಿ ಹೊಸದುರ್ಗದ ಮುನ್ಸೀಫ್ ಕೋರ್ಟಿಗೆ ಹೋಗಿ ಸಿಂಪಡಣೆ ನಿಲ್ಲಿಸಿ ಎಂದು ಕೇಳಿದರು. ಸಣ್ಣ ಕೋರ್ಟು, ಸಣ್ಣ ಊರು, ಒಬ್ಬ ಹೆಂಗಸು. ಆ ಎಳೆ ಹಿಡಿದು ಹೋರಾಟ ಮುಂದೆ ಹೋಯಿತು. 2011ರಲ್ಲಿ ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ಎಂಡೋಸಲ್ಫಾನ್ ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಕೇರಳಕ್ಕೆ ಹೇಳಿತು. ಇನ್ನೊಬ್ಬರು ಹೆನಾನ್‌ನ ಡಾ. ಗಾವ್ ಯಾವ್‌ಜಿಯೆ. ಹೆರಿಗೆ ವೈದ್ಯೆ. ಬಾಲ್ಯದಲ್ಲಿ ಪಾದ ಕಟ್ಟಿಸಿಕೊಂಡು ನಡಿಗೆ ಕಷ್ಟವಾದವರು. ನಿವೃತ್ತಿಯಾದ ಮೇಲೆ 1996ರಲ್ಲಿ ರಕ್ತ ಹಾಕಿಸಿಕೊಂಡು ಏಡ್ಸ್ ತಗಲಿಸಿಕೊಂಡ ಒಬ್ಬ ಹೆಂಗಸನ್ನು ಕಂಡರು. ಅಲ್ಲಿಂದ ಹಳ್ಳಿ ಹಳ್ಳಿ ಸುತ್ತಿ, ಸ್ವಂತ ಹಣದಲ್ಲಿ ಕರಪತ್ರ ಅಚ್ಚು ಹಾಕಿಸಿ ಹಂಚಿದರು. ಗೃಹಬಂಧನ ಕಂಡರು. 2009ರಲ್ಲಿ ದೇಶ ಬಿಟ್ಟು ಅಮೆರಿಕಕ್ಕೆ ಹೋಗಬೇಕಾಯಿತು. 2023ರ ಡಿಸೆಂಬರಿನಲ್ಲಿ 95ನೆಯ ವಯಸ್ಸಿನಲ್ಲಿ ತೀರಿಕೊಂಡರು. ಇವರಿಬ್ಬರ ದಾರಿ ಮಾತ್ರ ಒಂದೇ. ಕಣ್ಣೆದುರಿಗಿನ ಒಂದು ಮನೆಯ ನೋವಿನಿಂದ ಶುರುಮಾಡಿ, ಲೆಕ್ಕ ಬರೆದು, ಹೆಸರು ಬರೆದು, ಬಿಡದೆ ಕೇಳಿದರು.

ಕೆಲವರು ಹೇಳುತ್ತಾರೆ, ಸಣ್ಣ ಊರೆಂದರೆ ಒಗ್ಗಟ್ಟು, ಕಷ್ಟ ಬಂದಾಗ ಎಲ್ಲರೂ ಒಂದಾಗುತ್ತಾರೆ ಎಂದು. ಹೌದು, ಆಗುತ್ತಾರೆ. ಆದರೆ ಎಷ್ಟು ದಿನ? ತೇಜಸ್ವಿಯವರ ‘ಚಿದಂಬರ ರಹಸ್ಯ’ದ ಕೆಸರೂರನ್ನು ನೆನೆಸಿಕೊಳ್ಳಿ. 1985ರ ಪುಸ್ತಕ. ನಗುತ್ತಾ ನಗುತ್ತಾ ಓದುತ್ತೇವೆ. ಏಲಕ್ಕಿ, ಜಾತಿ, ಪುಢಾರಿಗಳು, ಹುಡುಗರ ಕ್ರಾಂತಿ, ಗುಸುಗುಸು. ಕೊನೆಯಲ್ಲಿ ಬೆಂಕಿ. ಆ ಬೆಂಕಿ ಎಲ್ಲಿಂದಲೋ ಬಂದದ್ದಲ್ಲ, ಪುಸ್ತಕದುದ್ದಕ್ಕೂ ಊರು ಒಣಗುತ್ತಾ ಬಂದಿತ್ತು. ವಿಪತ್ತು ಎನ್ನುವುದು ಒಂದು ದಿನದ ಸುದ್ದಿಯಾಗಿ ಪತ್ರಿಕೆಯಲ್ಲಿ ಬರುತ್ತದೆ. ಕಾದಂಬರಿಯಲ್ಲಿ ಅದು ಹತ್ತಾರು ವರ್ಷದ ಕಥೆ.

ಈಗ ನಮ್ಮ ಊರು. ಚೆನ್ನೈ ಮಹಾನಗರ, ಸಣ್ಣ ಊರೆಲ್ಲಿ ಬಂತು ಎನ್ನಬೇಡಿ. 2015ರ ಡಿಸೆಂಬರ್ 1ರಂದು ಈ ಮಹಾನಗರ ನೂರಾರು ಸಣ್ಣ ಊರುಗಳಾಗಿ ಒಡೆದದ್ದನ್ನು ನೀವೆಲ್ಲ ಕಂಡಿದ್ದೀರಿ. ತಾಂಬರಂನಲ್ಲಿ ಒಂದೇ ದಿನಕ್ಕೆ 49 ಸೆಂಟಿಮೀಟರ್ ಮಳೆ. ಚೆಂಬರಂಬಾಕ್ಕಂ ಕೆರೆಯಿಂದ 29,000 ಕ್ಯೂಸೆಕ್ ನೀರು ಅಡ್ಯಾರಿಗೆ ಬಿತ್ತು. 1878ರಲ್ಲಿ ಶುರುವಾದ ‘ದಿ ಹಿಂದೂ’ ಪತ್ರಿಕೆ ಮೊದಲ ಬಾರಿಗೆ ಮರುದಿನ ಇಲ್ಲಿ ಅಚ್ಚಾಗಲಿಲ್ಲ, ಕೆಲಸಗಾರರು ಮುದ್ರಣಾಲಯ ತಲುಪಲು ಆಗಲಿಲ್ಲ. ಕರೆಂಟಿಲ್ಲ, ಫೋನಿಲ್ಲ. ಪ್ರತಿ ಅಪಾರ್ಟ್‌ಮೆಂಟೂ ಒಂದು ದ್ವೀಪ. ಪ್ರತಿ ಮಹಡಿಯೂ ಒಂದು ಅಗ್ರಹಾರ.

ವೇಳಚ್ಚೇರಿಯ ನಮ್ಮ ಕಟ್ಟಡದಲ್ಲಿ ನೆಲಮಹಡಿಗೆ ಎದೆಮಟ್ಟ ನೀರು. ಕೆಳಗಿನ ಮನೆಗಳವರು, ವಾಚ್‌ಮನ್‌ನ ಸಂಸಾರ, ಹಿಂದಿನ ದಿನ ಮಳೆಗೆ ಸಿಕ್ಕಿ ನಮ್ಮಲ್ಲೇ ಉಳಿದಿದ್ದ ಮನೆಗೆಲಸದಾಕೆ, ಎಲ್ಲ ಸೇರಿ ಇಪ್ಪತ್ತಾರು ಜನ ಮೇಲಕ್ಕೆ ಬಂದರು. ಎದುರು ಮನೆಯ ಪಾಲಕ್ಕಾಡ್ ಮಾಮಿ, ಮೂರನೇ ಮಹಡಿಯ ಮಾರ್ವಾಡಿ ಹೆಂಗಸು, ಆ ಕೆಲಸದಾಕೆ, ನಾನು, ನಾವು ನಾಲ್ವರು ಮೊದಲ ರಾತ್ರಿಯೇ ಕೂತು ಲೆಕ್ಕ ಹಾಕಿದೆವು. ಯಾರ ಮನೆಯಲ್ಲಿ ತುಂಬಿದ ಸಿಲಿಂಡರ್ ಇದೆ, ಅಕ್ಕಿ ಎಷ್ಟು, ಹಾಲಿನ ಪುಡಿ ಎಷ್ಟು. ಸಂಪು ಕೊಳಚೆಯಾಗಿತ್ತು. ಮೇಲಿನ ಟ್ಯಾಂಕಿನಲ್ಲಿ ಉಳಿದದ್ದೇ ನೀರು. ತಲೆಗೆ ಇಷ್ಟು ಎಂದು ಕೊಡದಲ್ಲಿ ಅಳೆದು ಕೊಟ್ಟೆವು. ಮೆಣಸಿನ ಸಾರು, ಅನ್ನ, ಉಪ್ಪಿನಕಾಯಿ, ಮಕ್ಕಳಿಗೆ ಗಂಜಿ. ಎರಡನೆಯ ದಿನ ಒಬ್ಬ ಹುಡುಗಿ ಬಂದು ಕಿವಿಯಲ್ಲಿ ಹೇಳಿದಳು, ಆಂಟೀ, ಪ್ಯಾಡ್ ಇಲ್ಲ ಎಂದು. ಆಮೇಲೆ ಇನ್ನಿಬ್ಬರು. ಮಾಮಿ ಮಾತಾಡದೆ ತನ್ನ ಹಳೆಯ ನೂಲಿನ ಸೀರೆ ತೆಗೆದು ಕತ್ತರಿಸಿ ಮಡಚಿ ಕೊಟ್ಟರು. ಈ ಅವಶ್ಯಕತೆ ಯಾವ ಪರಿಹಾರದ ಪಟ್ಟಿಯಲ್ಲೂ ಆಗ ನನ್ನ ಕಣ್ಣಿಗೆ ಬೀಳಲಿಲ್ಲ.

ನೀರಿಳಿದು ಒಂದು ತಿಂಗಳಿಗೆ ಕಟ್ಟಡದ ನಿವಾಸಿಗಳ ಸಭೆ ನಡೆಯಿತು. ದೋಣಿ ತರಿಸಿದ ಇಬ್ಬರಿಗೆ ಶಾಲು, ಹಾರ. ಅವರು ಒಳ್ಳೆಯ ಕೆಲಸ ಮಾಡಿದವರೇ, ಶಾಲಿಗೆ ಅರ್ಹರೇ. ಸಭೆಯ ನಡಾವಳಿ ಪುಸ್ತಕದಲ್ಲಿ ದೋಣಿಯಿದೆ, ಪಂಪ್‌ಸೆಟ್ ಬಾಡಿಗೆಯಿದೆ, ಜನರೇಟರ್ ಡೀಸೆಲ್ ಇದೆ. ನಾಲ್ಕು ದಿನ ಇಪ್ಪತ್ತಾರು ಜನ ಏನು ತಿಂದರು ಎಂಬುದಿಲ್ಲ. ನಾವು ನಾಲ್ವರೂ ಅಲ್ಲೇ ಕೂತಿದ್ದೆವು. ಅಲ್ಲ, ಮೂವರು ಕೂತಿದ್ದೆವು. ನಾಲ್ಕನೆಯವಳು ಸಭೆಗೆ ಕಾಫಿ ಹಂಚುತ್ತಿದ್ದಳು.

ಆ ನಾಲ್ಕನೆಯವಳ ಕಥೆ ಹೇಳದೆ ನಾನು ಮಾತು ಮುಗಿಸಲಾರೆ. ನಮ್ಮ ಮನೆಯಲ್ಲಿ ಅವಳು ಸಾರು ಕುದಿಸುತ್ತಿದ್ದ ಹೊತ್ತಿನಲ್ಲೇ ಸೈದಾಪೇಟೆಯಲ್ಲಿ ಅಡ್ಯಾರಿನ ದಂಡೆಯ ಮೇಲಿದ್ದ ಅವಳ ಮನೆ ಕೊಚ್ಚಿಹೋಯಿತು. ಮಕ್ಕಳು ಅಜ್ಜಿಯ ಜೊತೆ ಶಾಲೆಯ ಕಟ್ಟಡ ಸೇರಿ ಉಳಿದರು. ಆಮೇಲೆ ನದಿದಂಡೆಯ ಸಾವಿರಾರು ಸಂಸಾರಗಳ ಹಾಗೆ ಅವಳಿಗೂ ಊರಾಚೆ ಪೆರುಂಬಾಕ್ಕಂನಲ್ಲಿ ಬಹುಮಹಡಿ ಕಟ್ಟಡದ ಒಂದು ಮನೆ ಕೊಟ್ಟರು. ಮನೆ ಸಿಕ್ಕಿತು, ಕೆಲಸ ಹೋಯಿತು. ಐದು ಮನೆಯ ಕೆಲಸ ಮಾಡುತ್ತಿದ್ದವಳು ಬಸ್ಸು ಹಿಡಿದು ಬಂದು ಎರಡು ಮನೆ ಮಾಡುತ್ತಾಳೆ. ಮಗಳ ಶಾಲೆ ಬಿಟ್ಟುಹೋಯಿತು. ಶರಾವತಿಯಲ್ಲಿ ನೀರು ಬರುತ್ತದೆ ಎಂದು ಎಬ್ಬಿಸಿದರು, ಇಲ್ಲಿ ನೀರು ಬಂತು ಎಂದು ಎಬ್ಬಿಸಿದರು. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ಅವಳು ಫೋನ್ ಮಾಡಿ ಕೇಳಿದ್ದು, ಅಮ್ಮಾ, ಸಿಲಿಂಡರ್ ತುಂಬಿದ್ದಿದೆಯಾ ಎಂದು. ಯೋಚಿಸಿ, ಅವಳು ನಮ್ಮನ್ನು ಕೇಳಿದಳು.

ಹಾಗಾದರೆ ಈ ಓದಿನಿಂದ ನಮಗೇನು? ನಾನು ನಿಮ್ಮ ಮುಂದೆ ಒಂದು ಕೆಲಸ ಇಡುತ್ತಿದ್ದೇನೆ. ಚಂದ್ರಿಯನ್ನು, ನಾಗಿಯನ್ನು ಬರೆದವರು ದೊಡ್ಡ ಲೇಖಕರು. ನಾವು ದೊಡ್ಡ ಲೇಖಕರಾಗಬೇಕಿಲ್ಲ. ಆದರೆ ನಮ್ಮಲ್ಲಿ 2004ರ ಸುನಾಮಿಯ ಬೆಳಿಗ್ಗೆ ಪಟ್ಟಿನಪಾಕ್ಕಂನಲ್ಲಿದ್ದವರಿದ್ದೀರಿ, 2015ರಲ್ಲಿ ಮುಡಿಚ್ಚೂರಿನಲ್ಲಿ ತಾರಸಿಯ ಮೇಲೆ ಕೂತವರಿದ್ದೀರಿ, 2023ರಲ್ಲಿ ಪಳ್ಳಿಕರಣೆಯಲ್ಲಿ ಮೂರು ದಿನ ಕತ್ತಲಲ್ಲಿ ಕಳೆದವರಿದ್ದೀರಿ. ಪ್ರತಿಯೊಬ್ಬರೂ ಒಂದು ಪುಟ ಬರೆಯಿರಿ. ಕನ್ನಡದಲ್ಲಿ ಬರೆಯಿರಿ. ಭಾವನೆ ಬೇಡ, ವಿವರ ಬರೆಯಿರಿ. ಎಷ್ಟು ಪಾವು ಅಕ್ಕಿ, ಯಾರ ಸಿಲಿಂಡರ್, ಯಾರು ನೀರು ಹೊತ್ತರು, ಬಾಣಂತಿಯನ್ನು ಯಾರು ನೋಡಿಕೊಂಡರು, ಯಾರನ್ನು ಯಾವ ಮಹಡಿಯವರು ಒಳಗೆ ಬಿಡಲಿಲ್ಲ ಎಂಬುದನ್ನೂ ಬರೆಯಿರಿ. ಬರೆಯಲು ಬಾರದವರ ಮಾತನ್ನು ಕೇಳಿ ಬರೆದುಕೊಳ್ಳಿ. ನಮ್ಮ ಮನೆಗಳಲ್ಲಿ ಕೆಲಸ ಮಾಡುವವರ ಮಾತನ್ನು ಅವರನ್ನು ಕೂರಿಸಿ, ಕಾಫಿ ಕೊಟ್ಟು, ಕೇಳಿ ಬರೆಯಿರಿ. ತಮಿಳಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುವುದು ನಮಗೇನು ಕಷ್ಟವೇ? ದಿನವೂ ಅದನ್ನೇ ಮಾಡುತ್ತೇವೆ.

ಎಂಬತ್ತು ದಾಟಿದ ಹಿರಿಯರು ಈ ಸಭೆಯಲ್ಲಿದ್ದೀರಿ. ನಿಮ್ಮ ನೆನಪಿನಲ್ಲಿರುವುದು ನಿಮ್ಮ ಜೊತೆ ಹೋಗಬಾರದು. ಮುಂದಿನ ಮಳೆಗಾಲ ಬಂದೇ ಬರುತ್ತದೆ, ಐಪ್ಪಸಿ ಕಾರ್ತಿಗೈ ತಿಂಗಳು ಯಾರ ಮಾತೂ ಕೇಳುವುದಿಲ್ಲ. ಅಂದು ನಮ್ಮ ಮಕ್ಕಳು ಸೊಸೆಯಂದಿರು ಮೊಬೈಲಿನಲ್ಲಿ ದೋಣಿಯ ನಂಬರು ಹುಡುಕುವುದರ ಜೊತೆಗೆ, ಇಪ್ಪತ್ತಾರು ಜನರಿಗೆ ನಾಲ್ಕು ದಿನ ಹೇಗೆ ಬಡಿಸಬೇಕು ಎಂಬುದನ್ನೂ ಓದಿ ತಿಳಿದಿರಲಿ.

ಮೊದಲ ಪುಟವನ್ನು ನಾನು ಬರೆದು ಕಾರ್ಯದರ್ಶಿಯವರ ಕೈಗೆ ಕೊಟ್ಟಿದ್ದೇನೆ. ಅದರಲ್ಲಿ ನಾಲ್ಕೂ ಜನರ ಹೆಸರಿದೆ, ಆ ನಾಲ್ಕನೆಯವಳ ಹೆಸರು ಮೊದಲಿದೆ. ಎರಡನೆಯ ಪುಟ ಯಾರದ್ದು?